ಪಾದ್ರಿ ಲಾರೆನ್ಸನ ಮೌನ

ಷೇಕ್ಸ್‌ಪಿಯರ್ ಮಹಾಕವಿಯ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದ ಮಾತು ಬಂದಾಗಲೆಲ್ಲ ಜನರು ಆ ಎಳೆಯ ಪ್ರೇಮಿಗಳನ್ನು ನೆನೆದು ಮರುಗುವರು, ಹಗೆಯನ್ನು ಸಾಧಿಸಿದ ಎರಡು ಮನೆತನಗಳನ್ನು ಹಳಿಯುವರು, ವಿಧಿಯನ್ನು ನಿಂದಿಸುವರು. ಆದರೆ ಅವರಿಬ್ಬರಿಗೂ ಗುಟ್ಟಾಗಿ ವಿವಾಹವನ್ನು ನಡೆಸಿಕೊಟ್ಟ ಪಾದ್ರಿ ಲಾರೆನ್ಸನ ವಿಚಾರವನ್ನು ಯಾರೂ ಹೆಚ್ಚಾಗಿ ಎತ್ತುವುದಿಲ್ಲ. ಪಾಪ, ಒಳ್ಳೆಯ ಮುದುಕ, ಮಾಡಿದ್ದು ಒಂದು, ಆದದ್ದು ಇನ್ನೊಂದು ಎಂದು ಹೇಳಿ ಮುಂದಕ್ಕೆ ಹೋಗುವರು. ನಮಗಾದರೋ, ಓದಿ ಮುಗಿಸಿದ ಮೇಲೂ ಬಹುಕಾಲ ಮನಸ್ಸಿನಲ್ಲಿ ಕುಳಿತು ಬಾಧಿಸುವ ಪಾತ್ರವು ಅವನದೇ. ಏಕೆಂದರೆ ನಾಟಕದಲ್ಲಿ ಉಳಿದವರೆಲ್ಲರೂ ಕೋಪದಿಂದಲೋ ಪ್ರೇಮದಿಂದಲೋ ಕುರುಡಾಗಿರುವರು. ಕಣ್ಣು ತೆರೆದುಕೊಂಡಿದ್ದವನು ಅವನೊಬ್ಬನೇ.

ಕಥೆಯನ್ನು ಮರೆತ ವಾಚಕರಿಗಾಗಿ ನಾಲ್ಕು ಮಾತು. ವೆರೋನಾ ಎಂಬ ಇಟಲಿಯ ಪಟ್ಟಣದಲ್ಲಿ ಮಾಂಟೆಗ್ಯೂ, ಕ್ಯಾಪ್ಯುಲೆಟ್ ಎಂಬ ಎರಡು ಮನೆತನಗಳಿಗೆ ತಲೆತಲಾಂತರದ ವೈರ. ಭಾನುವಾರ ರಾತ್ರಿಯ ಔತಣದಲ್ಲಿ ಮಾಂಟೆಗ್ಯೂ ಮನೆಯ ರೋಮಿಯೋ ಕ್ಯಾಪ್ಯುಲೆಟ್ ಮನೆಯ ಜೂಲಿಯೆಟ್ಟಳನ್ನು ಕಂಡು ಮೋಹಿಸುವನು. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಲಾರೆನ್ಸನ ಗುಡಿಸಲಿನಲ್ಲಿ ಅವರಿಗೆ ಮದುವೆಯಾಗುವುದು. ಅದೇ ಸಂಜೆ ಬೀದಿಯ ಜಗಳದಲ್ಲಿ ರೋಮಿಯೋ ತನ್ನ ಹೆಂಡತಿಯ ಸೋದರಸಂಬಂಧಿಯಾದ ಟಿಬಾಲ್ಟನನ್ನು ಕೊಂದು ಗಡಿಪಾರಾಗುವನು. ಮಗಳ ಮದುವೆ ಆಗಿಹೋಗಿದೆಯೆಂಬುದನ್ನು ಅರಿಯದ ತಂದೆಯು ಅವಳನ್ನು ಪ್ಯಾರಿಸ್ ಎಂಬ ಶ್ರೀಮಂತನಿಗೆ ಕೊಡಲು ನಿಶ್ಚಯಿಸುವನು. ಪಾದ್ರಿಯು ಅವಳಿಗೆ ೪೨ ಗಂಟೆಗಳ ಕಾಲ ಸತ್ತಂತೆ ಮಲಗಿಸುವ ಔಷಧಿಯನ್ನು ಕೊಡುವನು. ರೋಮಿಯೋವಿಗೆ ಬರೆದ ಕಾಗದ ತಲಪುವುದಿಲ್ಲ. ಗುರುವಾರದ ರಾತ್ರಿ ಸಮಾಧಿಯಲ್ಲಿ ಇಬ್ಬರೂ ಪ್ರಾಣ ಬಿಡುವರು. ಐದು ದಿನಗಳ ಕಥೆ. ಆರ್ಥರ್ ಬ್ರೂಕ್ ಎಂಬವನು ೧೫೬೨ರಲ್ಲಿ ಬರೆದ ಇಂಗ್ಲಿಷ್ ಕಾವ್ಯದಲ್ಲಿ ಇದೇ ಸಂಗತಿ ತಿಂಗಳುಗಟ್ಟಲೆ ನಡೆಯುತ್ತದೆ. ಷೇಕ್ಸ್‌ಪಿಯರನು ಕಾಲವನ್ನು ಕುಗ್ಗಿಸಿದ್ದಾನೆ. ಕನ್ಯೆಯ ವಯಸ್ಸನ್ನೂ ಕುಗ್ಗಿಸಿದ್ದಾನೆ. ಬ್ರೂಕನ ನಾಯಿಕೆಗೆ ಹದಿನಾರರ ಆಸುಪಾಸು; ಷೇಕ್ಸ್‌ಪಿಯರನ ಜೂಲಿಯೆಟ್ಟಳಿಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ಈ ವಯಸ್ಸಿನ ಮಾತಿಗೆ ಕೊನೆಯಲ್ಲಿ ಬರುತ್ತೇವೆ.

ಪಾದ್ರಿಯ ಮೇಲೆ ಸಾಮಾನ್ಯವಾಗಿ ಹೊರಿಸುವ ಅಪರಾಧವು ಆ ಔಷಧಿಯದು. ನಮಗೆ ಅದು ಅಷ್ಟು ದೊಡ್ಡದಾಗಿ ತೋರುವುದಿಲ್ಲ. ಅವನು ಮೂಲಿಕೆಗಳ ಗುಣವನ್ನು ಬಲ್ಲವನು. ಅವನು ಮೊದಲ ಸಲ ರಂಗಕ್ಕೆ ಬರುವುದೇ ಮುಂಜಾನೆಯಲ್ಲಿ ಬುಟ್ಟಿ ಹಿಡಿದು ಗಿಡಮೂಲಿಕೆ ಕೀಳುತ್ತ, ಒಂದೇ ಹೂವಿನಲ್ಲಿ ವಿಷವೂ ಮದ್ದೂ ಇರುವುದನ್ನು ತನ್ನಷ್ಟಕ್ಕೆ ತಾನು ಹೇಳಿಕೊಳ್ಳುತ್ತ. ಔಷಧಿಯು ಅವನು ಹೇಳಿದಂತೆಯೇ ಕೆಲಸ ಮಾಡಿತು. ಕಾಗದ ತಲಪದಿದ್ದುದೂ ಅವನ ತಪ್ಪಲ್ಲ. ಕಾಗದ ಒಯ್ಯಬೇಕಾಗಿದ್ದ ಜಾನ್ ಎಂಬ ಪಾದ್ರಿಯು ಜೊತೆಗಾರನನ್ನು ಹುಡುಕಿಕೊಂಡು ರೋಗಿಗಳಿದ್ದ ಮನೆಗೆ ಹೋದಾಗ, ಪ್ಲೇಗಿನ ಶಂಕೆಯಿಂದ ಊರಿನ ಅಧಿಕಾರಿಗಳು ಬಾಗಿಲಿಗೆ ಮುದ್ರೆ ಹಾಕಿಬಿಟ್ಟರು. ಬೆಂಗಳೂರಿಗೆ ೧೮೯೮ರಲ್ಲಿ ಪ್ಲೇಗು ಬಂದ ಕಥೆಗಳನ್ನು ಹಿರಿಯರ ಬಾಯಿಂದ ಕೇಳಿದ ನಮಗೂ, ೨೦೨೦ರಲ್ಲಿ ಬೀದಿಯ ಬಾಯಿಗೆ ಬೊಂಬು ಕಟ್ಟಿದುದನ್ನು ಕಣ್ಣಾರೆ ಕಂಡ ನಿಮಗೂ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಗುಟ್ಟಾಗಿ ಮದುವೆ ಮಾಡಿಸಿದ್ದೇ ತಪ್ಪೇ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈ ಕಥೆಯು ಇಟಲಿಯಲ್ಲಿ ಹುಟ್ಟಿದಾಗ ಕ್ರೈಸ್ತ ಧರ್ಮಶಾಸ್ತ್ರದಲ್ಲಿ ವಿವಾಹಕ್ಕೆ ಪಾದ್ರಿಯೇ ಬೇಕೆಂಬ ನಿಯಮವಿರಲಿಲ್ಲ. ವಧೂವರರು ಪರಸ್ಪರ ಒಪ್ಪಿ ಮಾತು ಕೊಟ್ಟರೆ ಅದೇ ವಿವಾಹ; ಗುಟ್ಟಿನ ಮದುವೆಯನ್ನು ಮಠದವರು ನಿಂದಿಸುತ್ತಿದ್ದರೇ ಹೊರತು ಅದು ಮದುವೆಯೇ ಅಲ್ಲವೆನ್ನುತ್ತಿರಲಿಲ್ಲ. ೧೫೬೩ರಲ್ಲಿ ಟ್ರೆಂಟ್ ನಗರದ ಧರ್ಮಸಭೆಯು, ಆ ಊರಿನ ಪಾದ್ರಿಯೂ ಕನಿಷ್ಠಪಕ್ಷ ಇಬ್ಬರು ಸಾಕ್ಷಿಗಳೂ ಇಲ್ಲದ ವಿವಾಹವು ಅಸಿಂಧುವೆಂದು ವಿಧಿಸಿತು. ಮುಂಚಿತವಾಗಿ ಮೂರು ಸಲ ದೇವಾಲಯದಲ್ಲಿ ಸಾರಬೇಕೆಂದೂ ಹೇಳಿತು. ಆ ಮತವನ್ನು ಬಿಟ್ಟಿದ್ದ ಇಂಗ್ಲೆಂಡಿನಲ್ಲಂತೂ ಹಳೆಯ ಪದ್ಧತಿಯೇ ೧೭೫೩ರ ಶಾಸನದವರೆಗೂ ನಡೆದುಬಂತು. ಈ ನಾಟಕವನ್ನು ೧೫೯೦ರ ದಶಕದಲ್ಲಿ ನೋಡಿದ ಲಂಡನ್ನಿನ ಜನರಿಗೆ ಗುಟ್ಟಿನ ಮದುವೆಯೆಂದರೆ ಕಟ್ಟುಕಥೆಯಾಗಿರಲಿಲ್ಲ. ಪಕ್ಕದ ಬೀದಿಯ ಸಂಗತಿಯಾಗಿತ್ತು.

ನಮ್ಮಲ್ಲಿಯೂ ಅಷ್ಟೆ. ಮನುವು ಎಣಿಸಿದ ಎಂಟು ವಿವಾಹಗಳಲ್ಲಿ ಆರನೆಯದು ಗಾಂಧರ್ವ. ಅದಕ್ಕೆ ತಂದೆಯೂ ಬೇಡ, ಪುರೋಹಿತನೂ ಬೇಡ. ಶಕುಂತಲೆ ದುಷ್ಯಂತರ ಮದುವೆಯನ್ನು ಯಾರು ಮಾಡಿಸಿದರು? ಯಾರೂ ಇಲ್ಲ. ಹೀಗಿರುವಲ್ಲಿ ಲಾರೆನ್ಸನು ಆ ಮಕ್ಕಳಿಗೆ ಕೊಟ್ಟದ್ದಾದರೂ ಏನು? ಮದುವೆಯನ್ನಲ್ಲ, ಅದನ್ನು ಅವರೇ ಮಾಡಿಕೊಳ್ಳಬಹುದಾಗಿತ್ತು. ಅವನು ಕೊಟ್ಟದ್ದು ತನ್ನ ಹೆಸರನ್ನು, ತನ್ನ ವಸ್ತ್ರದ ಗೌರವವನ್ನು, ಇದಕ್ಕೆ ದೊಡ್ಡವರೊಬ್ಬರು ಹೊಣೆಯಿದ್ದಾರೆಂಬ ಧೈರ್ಯವನ್ನು. ಜೂಲಿಯೆಟ್ಟಳು ಎರಡನೆಯ ಮದುವೆಯನ್ನು ಒಪ್ಪದೆ ಸಾವಿಗೂ ಸಿದ್ಧಳಾದದ್ದು ಆ ಧೈರ್ಯದಿಂದ. ದಾದಿಯು, ಹೋಗಲಿ ಬಿಡು, ಪ್ಯಾರಿಸನನ್ನೇ ಮದುವೆಯಾಗು ಎಂದು ಜಾರಿಕೊಂಡಾಗ ಅವಳು ಓಡಿಹೋದದ್ದು ಇನ್ನೆಲ್ಲಿಗೆ? ಈ ಮುದುಕನ ಗುಡಿಸಲಿಗೆ.

ಇದನ್ನು ವಿವೇಚಿಸುವಾಗ ನಮ್ಮ ಸಂಸ್ಕೃತ ಸಾಹಿತ್ಯದ ಒಬ್ಬಳು ಸಂನ್ಯಾಸಿನಿಯು ನಮ್ಮ ಕಣ್ಣಿಗೆ ಕಟ್ಟುತ್ತಾಳೆ. ಎಂಟನೆಯ ಶತಮಾನದ ಭವಭೂತಿಯು ರಚಿಸಿದ ‘ಮಾಲತೀಮಾಧವ’ವೆಂಬ ಹತ್ತು ಅಂಕಗಳ ಪ್ರಕರಣದಲ್ಲಿ ಕಾಮಂದಕಿಯೆಂಬ ಬೌದ್ಧ ಪರಿವ್ರಾಜಿಕೆಯು ಲಾರೆನ್ಸನು ಮಾಡಿದ ಕೆಲಸವನ್ನೇ ಮಾಡುತ್ತಾಳೆ. ಪದ್ಮಾವತೀ ನಗರದ ಮಂತ್ರಿ ಭೂರಿವಸುವಿನ ಮಗಳು ಮಾಲತಿ; ವಿದರ್ಭದ ಮಂತ್ರಿ ದೇವರಾತನ ಮಗನು ಮಾಧವ. ಭೂರಿವಸುವೂ ದೇವರಾತನೂ ಕಾಮಂದಕಿಯೂ ಬಾಲ್ಯದಲ್ಲಿ ಸಹಪಾಠಿಗಳು. ಮುಂದೆ ಮಕ್ಕಳಾದರೆ ಬೀಗರಾಗೋಣವೆಂದು ಇಬ್ಬರು ಗೆಳೆಯರು ಅವಳ ಎದುರಿಗೆ ಪ್ರತಿಜ್ಞೆ ಮಾಡಿದ್ದರು. ಈಗ ರಾಜನು ತನ್ನ ನರ್ಮಸಚಿವನಾದ ನಂದನನಿಗೆ ಮಾಲತಿಯನ್ನು ಕೊಡಬೇಕೆನ್ನುತ್ತಾನೆ. ಭೂರಿವಸುವು ಪ್ರಭುವಿಗೆ ಇಲ್ಲವೆನ್ನಲಾರನು. ತನ್ನ ಕನ್ಯೆಯರ ಮೇಲೆ ಮಹಾರಾಜನಿಗೆ ಅಧಿಕಾರವುಂಟೆಂಬ ಎರಡರ್ಥದ ಉತ್ತರವನ್ನು ಕೊಟ್ಟು ಸುಮ್ಮನಾಗುತ್ತಾನೆ. ಮಾಲತಿಯು ರಾಜನ ಮಗಳಲ್ಲವಷ್ಟೆ! ಆ ಮಾತಿನಿಂದ ತಂದೆಯು ಮಗಳನ್ನು ಯಾರಿಗೂ ಕೊಟ್ಟಂತಾಗಲಿಲ್ಲವೆಂಬುದನ್ನು ಕಾಮಂದಕಿಯು ಎಷ್ಟು ನಯವಾಗಿ ಎತ್ತಿ ತೋರಿಸುತ್ತಾಳೆಂಬುದನ್ನು ಮೂಲದಲ್ಲಿಯೇ ಓದಬೇಕು. ವಕೀಲಿ ಬುದ್ಧಿಯು ನಮ್ಮವರಿಗೆ ಇಂಗ್ಲಿಷರಿಂದ ಬಂತೆನ್ನುವವರು ಇದನ್ನು ಗಮನಿಸಲಿ.

ಕಾಮಂದಕಿಯು ಚಾಡಿಯನ್ನೂ ಹೇಳುತ್ತಾಳೆ, ಉಪಾಯವನ್ನೂ ಹೂಡುತ್ತಾಳೆ. ಮಾಲತಿಗೆ ಶಕುಂತಲೆಯ, ಊರ್ವಶಿಯ, ವಾಸವದತ್ತೆಯ ಕಥೆಗಳನ್ನು ಪ್ರಸಂಗವಶಾತ್ ಹೇಳಿದಂತೆ ಹೇಳಿ, ಆ ಸಾಹಸವನ್ನು ಉಪದೇಶಿಸಲಾಗದೆಂದು ತಾನೇ ಸೇರಿಸಿ, ಹುಡುಗಿಯ ಮನಸ್ಸಿನಲ್ಲಿ ಬೀಜವನ್ನು ಬಿತ್ತುತ್ತಾಳೆ. ಕಾಷಾಯ ಉಟ್ಟವಳಿಗೆ ಇದೇನು ಕೆಲಸವೆಂದು ನಮ್ಮ ಗುರುಗಳು ನಗುತ್ತಿದ್ದರು. ಆರನೆಯ ಅಂಕದಲ್ಲಿ, ನಂದನನ ಮದುವೆಗೆಂದು ರಾಜನು ಕಳುಹಿಸಿದ ಉಡುಗೆತೊಡುಗೆಗಳೊಂದಿಗೆ ನಗರದೇವತೆಯ ಗುಡಿಗೆ ಬಂದ ಮಾಲತಿಯನ್ನು ಅಲ್ಲಿಯೇ ಮಾಧವನಿಗೆ ಒಪ್ಪಿಸಿ, ಮಾಧವನ ಗೆಳೆಯ ಮಕರಂದನಿಗೆ ಆ ಮದುವಣಗಿತ್ತಿಯ ವೇಷವನ್ನು ತೊಡಿಸಿ ನಂದನನ ಮನೆಗೆ ಸಾಗಹಾಕುತ್ತಾಳೆ. ಆ ವೇಷದಿಂದಾಗುವ ಹಾಸ್ಯವನ್ನು ನಮ್ಮ ನಾಟಕ ಕಂಪನಿಯವರ ಕೈಗೆ ಕೊಟ್ಟಿದ್ದರೆ ಬೆಳಗಿನವರೆಗೂ ಎಳೆಯುತ್ತಿದ್ದರು.

ಹೊರಗಿನಿಂದ ನೋಡಿದರೆ ಲಾರೆನ್ಸನಿಗಿಂತ ಇವಳೇ ಹೆಚ್ಚು ಕಪಟಿ. ಆದರೆ ಎರಡು ವಿಷಯಗಳನ್ನು ಗಮನಿಸಬೇಕು. ಒಂದು, ಅವಳ ಕೆಲಸಕ್ಕೆ ತಂದೆಯರ ಮೌನಸಮ್ಮತಿಯುಂಟು. ಅವರು ಹಿಂದೆ ಕೊಟ್ಟ ಮಾತಿಗೆ ಅವಳು ಸಾಕ್ಷಿ. ಎರಡನೆಯದು ನಮಗೆ ಹೆಚ್ಚು ಮುಖ್ಯವಾದುದು. ಅವಳು ಕಡೆಯವರೆಗೂ ಆ ಮಕ್ಕಳ ಜೊತೆಯಲ್ಲಿಯೇ ಇರುತ್ತಾಳೆ. ಕಾಪಾಲಿಕನ ಶಿಷ್ಯೆಯಾದ ಕಪಾಲಕುಂಡಲೆಯು ಮಾಲತಿಯನ್ನು ಹೊತ್ತುಕೊಂಡು ಹೋದಾಗ, ಹುಡುಗಿಯು ಸತ್ತಳೆಂದೇ ತಿಳಿದ ಕಾಮಂದಕಿಯು ಬೆಟ್ಟದಿಂದ ಧುಮುಕಿ ಪ್ರಾಣ ಬಿಡಲು ಹೊರಡುತ್ತಾಳೆ. ಅವಳ ಹಳೆಯ ಶಿಷ್ಯೆ ಸೌದಾಮಿನಿಯು ಶ್ರೀಪರ್ವತದಿಂದ ಬಂದು ಕಾಪಾಡುತ್ತಾಳೆ, ರಾಜನ ಒಪ್ಪಿಗೆಯೂ ಬರುತ್ತದೆ, ಎಲ್ಲವೂ ಮಂಗಳವಾಗುತ್ತದೆ. ಹೂಡಿದ ಹೂಟ ಕೆಟ್ಟಿತೆಂದು ತೋರಿದಾಗ ಅವಳು ತಪ್ಪಿಸಿಕೊಳ್ಳಲು ದಾರಿ ಹುಡುಕಲಿಲ್ಲ. ಲಾರೆನ್ಸನು ಸಮಾಧಿಯಲ್ಲಿ ಮಾಡಿದ್ದೇನು? ಜೂಲಿಯೆಟ್ಟಳು ಎಚ್ಚತ್ತಿದ್ದಾಳೆ, ಪಕ್ಕದಲ್ಲಿ ಗಂಡನ ಹೆಣ. ಏಳು, ನಿನ್ನನ್ನು ಸಂನ್ಯಾಸಿನಿಯರ ಮಠದಲ್ಲಿ ಸೇರಿಸುತ್ತೇನೆ ಎಂದು ಅವಸರಪಡಿಸುತ್ತಾನೆ. ಕಾವಲುಗಾರರ ಸದ್ದು ಕೇಳಿಸುತ್ತದೆ. ಹದಿಮೂರು ವರ್ಷದ ಹುಡುಗಿಯನ್ನು ಕತ್ತಲೆಯಲ್ಲಿ ಕಠಾರಿಯ ಪಕ್ಕದಲ್ಲಿ ಬಿಟ್ಟು ಮುದುಕನು ಹೊರಟುಹೋಗುತ್ತಾನೆ.

ಕಣ್ವನ ಮಾತನ್ನೂ ಸೇರಿಸಬೇಕು. ಅವನು ಮದುವೆಯನ್ನು ಮಾಡಿಸಿದವನಲ್ಲ. ಸೋಮತೀರ್ಥದಿಂದ ಹಿಂದಿರುಗಿ ಅಗ್ನಿಶಾಲೆಯನ್ನು ಹೊಕ್ಕಾಗ ಅಶರೀರವಾಣಿಯಿಂದ ತಿಳಿದವನು. ತಿಳಿದ ಕೂಡಲೆ ಅವನು ಮಾಡಿದ್ದು ಒಂದೇ ಕೆಲಸ: ಗುಟ್ಟನ್ನು ಬಯಲು ಮಾಡಿದ್ದು. ಗೌತಮಿಯನ್ನೂ ಶಾರ್ಙ್ಗರವ ಶಾರದ್ವತರನ್ನೂ ಜೊತೆಮಾಡಿ, ಇವಳು ನಿನ್ನ ಹೆಂಡತಿಯೆಂದು ತುಂಬಿದ ಆಸ್ಥಾನಕ್ಕೆ ಮಗಳನ್ನು ಕಳುಹಿಸಿದನು. ಶಾಪದಿಂದ ಕಾರ್ಯವು ಕೆಟ್ಟಿತು, ಅದು ಬೇರೆ. ಆದರೆ ಶಕುಂತಲೆಯು ಅಲ್ಲಿ ಅನಾಥೆಯಾಗಿ ನಿಂತಾಗಲೂ, ಅವಳು ಮದುವೆಯಾದಳೆಂದು ಹೇಳುವ ಮೂವರು ಅವಳ ಪಕ್ಕದಲ್ಲಿದ್ದರು. ರಾಜಪುರೋಹಿತನೂ ಹೆರಿಗೆಯಾಗುವವರೆಗೆ ನಮ್ಮ ಮನೆಯಲ್ಲಿರಲಿ ಎಂದು ಮುಂದೆ ಬಂದನು.

ಇನ್ನು ಲಾರೆನ್ಸನ ಮೌನಗಳನ್ನು ನೋಡೋಣ. ಮದುವೆ ಮಾಡಿಸಲು ಅವನು ಒಪ್ಪಿದ ಕಾರಣವು ಉದಾತ್ತವಾದುದು: ಈ ಸಂಬಂಧದಿಂದ ಎರಡು ಮನೆಗಳ ದ್ವೇಷವು ಪ್ರೀತಿಯಾಗಿ ತಿರುಗಲಿ ಎಂಬುದು. ಒಳ್ಳೆಯದು. ಆದರೆ ಯಾರಿಗೂ ತಿಳಿಯದ ಮದುವೆಯಿಂದ ಯಾರ ದ್ವೇಷವು ಹೇಗೆ ಹೋದೀತು? ಔಷಧಿಯನ್ನು ಕುಡಿಸದೆ ಬುಟ್ಟಿಯಲ್ಲಿಯೇ ಇಟ್ಟುಕೊಂಡು ರೋಗವು ವಾಸಿಯಾಗಲೆಂದು ಕಾಯುವ ವೈದ್ಯನಂತಾಯಿತು. ರೋಮಿಯೋ ಗಡಿಪಾರಾದಾಗ, ಸಮಯ ನೋಡಿ ಮದುವೆಯನ್ನು ಪ್ರಕಟಿಸಿ ಪ್ರಭುವಿನ ಕ್ಷಮೆಯನ್ನು ಬೇಡೋಣವೆಂದು ತಾನೇ ಹೇಳುತ್ತಾನೆ. ಆ ಸಮಯವು ಬರಲೇ ಇಲ್ಲ. ಪ್ಯಾರಿಸನು ತಾನಾಗಿ ಅವನ ಗುಡಿಸಲಿಗೆ ಬಂದು ಗುರುವಾರ ಮದುವೆಯೆಂದು ಹೇಳಿದಾಗ, ಕಾಲ ಬಹಳ ಕಡಮೆಯಾಯಿತಲ್ಲ ಎನ್ನುತ್ತಾನೆಯೇ ಹೊರತು, ಅವಳಿಗೆ ಗಂಡನಿದ್ದಾನೆ ಎನ್ನುವುದಿಲ್ಲ. ಪ್ಯಾರಿಸನು ಕೆಟ್ಟವನಲ್ಲ, ಮರ್ಯಾದಸ್ಥನು. ಒಂದು ಮಾತನ್ನು ಹೇಳಿದ್ದರೆ ಅವನು ಹಿಂದೆಗೆದು ಬದುಕಿಕೊಳ್ಳುತ್ತಿದ್ದನೋ ಏನೋ. ಅವನೂ ಆ ಸಮಾಧಿಯ ಬಾಗಿಲಿನಲ್ಲಿಯೇ ಸತ್ತನೆಂಬುದನ್ನು ಓದುಗರು ಮರೆತುಬಿಡುತ್ತಾರೆ.

ಎಲ್ಲಕ್ಕಿಂತ ನಮಗೆ ಸಹಿಸಲಾಗದ ಸ್ಥಳವು ಬುಧವಾರದ ಬೆಳಗಿನದು. ಮದುವೆಯ ಮನೆ. ವಾದ್ಯದವರು ಬಂದಿದ್ದಾರೆ. ಮಗಳು ಹಾಸಿಗೆಯಲ್ಲಿ ತಣ್ಣಗೆ ಮಲಗಿದ್ದಾಳೆ. ತಾಯಿ ಹೊರಳಾಡಿ ಅಳುತ್ತಿದ್ದಾಳೆ. ತಂದೆಗೆ ಮಾತು ಹೊರಡುವುದಿಲ್ಲ. ಅವಳು ಸತ್ತಿಲ್ಲವೆಂಬುದನ್ನು ಬಲ್ಲವನು ಆ ಮನೆಯಲ್ಲಿ ಒಬ್ಬನೇ ಇದ್ದಾನೆ. ಅವನು ಆ ತಂದೆತಾಯಿಗಳಿಗೆ ಧರ್ಮೋಪದೇಶವನ್ನು ಮಾಡುತ್ತಾನೆ! ಅವಳು ಸ್ವರ್ಗದಲ್ಲಿ ಸುಖವಾಗಿದ್ದಾಳೆ, ಅಳುವುದು ಅವಿವೇಕ ಎಂದು ಗದರಿಸುತ್ತಾನೆ. ನಾವು ಈ ಭಾಗವನ್ನು ತರಗತಿಯಲ್ಲಿ ಕಥೆಯಾಗಿ ಹೇಳುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗರೂ ಸದ್ದಿಲ್ಲದೆ ಕುಳಿತುಬಿಡುತ್ತಿದ್ದರು. ಶಾಸ್ತ್ರದ ಮಾತುಗಳೆಲ್ಲ ಸರಿಯಾಗಿಯೇ ಇವೆ, ಆದರೆ ಬಾಯಿ ಮಾತ್ರ ಸುಳ್ಳು. ಆ ತಾಯಿಯ ಕೈ ಹಿಡಿದು ಒಳಮನೆಗೆ ಕರೆದುಕೊಂಡು ಹೋಗಿ ನಿಜವನ್ನು ಹೇಳಲು ಅವನಿಗಿದ್ದ ಅಡ್ಡಿಯಾದರೂ ಏನು? ಭಯ. ತನ್ನ ಹೆಸರಿನ ಭಯ.

ಕನ್ನಡ ರಂಗಭೂಮಿಯು ಈ ಮುದುಕನನ್ನು ಹೇಗೆ ಕಂಡಿತೆಂಬುದೂ ವಿಚಾರಾರ್ಹವಾಗಿದೆ. ೧೮೮೯ರಲ್ಲಿ ಆನಂದರಾಯರು ಈ ನಾಟಕವನ್ನು ‘ರಾಮವರ್ಮ ಲೀಲಾವತಿ’ಯೆಂದು ಕನ್ನಡಿಸಿದರು; ಹೆಸರುಗಳೆಲ್ಲ ನಮ್ಮವಾದವು, ದುಃಖಾಂತವು ಸುಖಾಂತವಾಯಿತು. ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳಂಥವರು ಸಂಸ್ಕೃತ ನಾಟಕಗಳನ್ನು ಕನ್ನಡಕ್ಕೆ ತಂದು ರುಚಿ ಹತ್ತಿಸಿದ್ದ ಕಾಲವದು. ನಾಯಕ ನಾಯಿಕೆಯರ ಹೆಣಗಳನ್ನು ರಂಗದ ಮೇಲಿಟ್ಟು ತೆರೆಯೆಳೆಯುವುದು ನಮ್ಮ ಸಂಪ್ರದಾಯಕ್ಕೆ ಒಗ್ಗದ ಸಂಗತಿ. ಅದೇ ದಶಕದಲ್ಲಿ, ೧೮೮೪ರಲ್ಲಿ, ನಮ್ಮ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಹುಟ್ಟಿತು. ೧೮೯೧ರಲ್ಲಿ ಜನಿಸಿ ೧೯೭೨ರವರೆಗೆ ಬಾಳಿದ ವೀರಣ್ಣನವರು ಅದನ್ನು ನಾಡಿನ ಮನೆಮಾತಾಗಿ ಮಾಡಿದರು. ‘ಸದಾರಮೆ’ಯಲ್ಲಿ ವೀರಣ್ಣನವರು ಕಳ್ಳನ ಪಾತ್ರವನ್ನು ವಹಿಸಿದರೆ ಜನರು ಬಿದ್ದು ಬಿದ್ದು ನಕ್ಕು ಕಳ್ಳತನವನ್ನೇ ಮರೆಯುತ್ತಿದ್ದರೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಪ್ರೇಕ್ಷಕರ ಮನಸ್ಸು ಹಾಗೆಯೇ. ನಗಿಸಿದವನನ್ನು ಕ್ಷಮಿಸುತ್ತದೆ, ಕಾವಿಯುಟ್ಟವನನ್ನೂ ಕ್ಷಮಿಸುತ್ತದೆ. ಇನ್ನು ಕೊನೆಯಲ್ಲಿ ಮಕ್ಕಳು ಬದುಕಿಬಿಟ್ಟರೆ, ಮದುವೆ ಮಾಡಿಸಿದ ಯತಿಯ ತಪ್ಪೊಪ್ಪುಗಳನ್ನು ಯಾರು ತೂಗುತ್ತಾರೆ? ಸುಖಾಂತವು ಪ್ರೇಮಿಗಳನ್ನು ಬದುಕಿಸಿದುದಕ್ಕಿಂತ ಹೆಚ್ಚಾಗಿ ಯತಿಯನ್ನು ಬದುಕಿಸಿತೆಂದು ನಾವು ಬಗೆಯುತ್ತೇವೆ. ಹಾಗೆ ನೋಡಿದರೆ ಷೇಕ್ಸ್‌ಪಿಯರನ ವೆರೋನಾದ ಪ್ರಭುವೂ ನಮ್ಮ ಪ್ರೇಕ್ಷಕನಂತೆಯೇ. ಎರಡು ಹೆಣಗಳ ಎದುರಿನಲ್ಲಿ ಲಾರೆನ್ಸನು ಎಲ್ಲವನ್ನೂ ಒಪ್ಪಿಕೊಂಡು ಪ್ರಾಣವನ್ನು ತೆಗೆದುಕೊಳ್ಳಿ ಎಂದಾಗ, ನಿನ್ನನ್ನು ನಾವು ಪವಿತ್ರನೆಂದೇ ಬಲ್ಲೆವು ಎಂದುಬಿಡುತ್ತಾನೆ. ಬ್ರೂಕನ ಕಾವ್ಯದಲ್ಲಾದರೆ ಔಷಧಿ ಮಾರಿದ ಬಡವನಿಗೆ ಗಲ್ಲು, ದಾದಿಗೆ ಗಡಿಪಾರು, ಪಾದ್ರಿಗೆ ಬಿಡುಗಡೆ.

ಇದಕ್ಕೆ ಎದುರಾಗಿ ನಮ್ಮ ನಾಡಿನ ಒಂದು ಮದುವೆಯನ್ನು ಇಟ್ಟು ನೋಡಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಕೂಡಿಸಿದ ವಿವಾಹ. ಅದು ಗುಟ್ಟಾಗಿರಲಿಲ್ಲ. ಮಾಡಿದವರು ಮಾಡಿದೆವೆಂದು ಸಾರಿಯೇ ಮಾಡಿದರು. ಬಿಜ್ಜಳನ ಕೋಪವು ಎರಗಿದಾಗ ಘೋರಶಿಕ್ಷೆಯನ್ನು ಅನುಭವಿಸಿದವರು ಆ ಹಿರಿಯರಾದ ಹರಳಯ್ಯ ಮಧುವರಸರೆಂದು ಪರಂಪರೆಯು ಹೇಳುತ್ತದೆ. ಕಲ್ಯಾಣವೇ ಹಾಳಾಯಿತು. ಆದರೂ ಆ ಮದುವೆಯ ಭಾರವನ್ನು ಹಿರಿಯರು ತಮ್ಮ ತಲೆಯ ಮೇಲೆ ಹೊತ್ತರು. ವೆರೋನಾದಲ್ಲಿ ಅದನ್ನು ಮಕ್ಕಳ ತಲೆಯ ಮೇಲೆ ಹೊರಿಸಲಾಯಿತು. ಸಿದ್ಧಗಂಗೆಯ ನೆರಳಿನಲ್ಲಿ ಬೆಳೆದ ನಮ್ಮ ತುಮಕೂರು ಸೀಮೆಯವರಿಗೆ ಈ ಕಥೆಯನ್ನು ಹೆಚ್ಚು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವೂ ಒಂದುಂಟು. ಗುಬ್ಬಿಯ ಕಡೆಯ ವಾಚಕಿಯೊಬ್ಬರು ಈಚೆಗೆ ನಮಗೊಂದು ಕಾಗದವನ್ನು ಬರೆದಿದ್ದಾರೆ. ಅವರ ಮೈದುನರು ಒಂದು ಚಿಕ್ಕ ದೇವಾಲಯದ ಅರ್ಚಕರು. ಒಂದು ಜೋಡಿಯು ಬಂದು ಮನೆಯವರಿಗೆ ತಿಳಿಯದಂತೆ ತಾಳಿ ಕಟ್ಟಿಸಬೇಕೆಂದು ಬೇಡಿಕೊಂಡಿದೆ. ಹುಡುಗಿ ಅಳುತ್ತಾಳೆ, ಹುಡುಗನು ಸಭ್ಯನಂತೆ ಕಾಣುತ್ತಾನೆ, ಜಾತಿ ಬೇರೆ. ಅರ್ಚಕರ ಮನಸ್ಸು ಕರಗಿದೆ. ಮಾಡಿಸಬಹುದೇ, ಕೂಡದೇ ಎಂಬುದು ಪ್ರಶ್ನೆ.

ಇಂಥ ಪ್ರಶ್ನೆಯು ನಮಗೂ ಒಮ್ಮೆ ಬಂದಿತ್ತು. ಸುಮಾರು ಹನ್ನೆರಡು ವರ್ಷಗಳ ಕೆಳಗೆ, ನಾವಿನ್ನೂ ಶಾಲೆಯ ಕೆಲಸದಲ್ಲಿದ್ದಾಗ, ಹಳೆಯ ಶಿಷ್ಯನೊಬ್ಬನು ಸಂಜೆಯಲ್ಲಿ ಮನೆಗೆ ಬಂದು, ಕುಣಿಗಲ್ ದಾರಿಯ ಒಂದು ಗುಡಿಯಲ್ಲಿ ಮರುದಿನ ತನ್ನ ಮದುವೆ, ಹಿರಿಯರಾಗಿ ಬಂದು ನಿಲ್ಲಬೇಕು ಎಂದನು. ಹುಡುಗಿಗೆ ಇಪ್ಪತ್ತು, ಅವನಿಗೆ ಇಪ್ಪತ್ತಾರು. ನಾವು ಬರುತ್ತೇವೆ, ಆದರೆ ಅಕ್ಷತೆ ಹಾಕಿದ ಕೈಯಲ್ಲಿಯೇ ಅದೇ ದಿನ ಹುಡುಗಿಯ ತಂದೆಯ ಮನೆಗೆ ಹೋಗಿ ನಾವೇ ಸಂಗತಿಯನ್ನು ತಿಳಿಸುತ್ತೇವೆ; ಅದಕ್ಕೆ ಒಪ್ಪಿದರೆ ಸರಿ ಎಂದೆವು. ಅವನ ಮುಖವು ಸಪ್ಪಗಾಯಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದನು. ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಆ ಹುಡುಗಿಯೇ ಬಂದಳು. ಅಪ್ಪನಿಗೆ ನೀವು ಹೇಳುವುದಾದರೆ ನನಗೂ ಸಮಾಧಾನ, ನನ್ನ ಬಾಯಿಂದ ಆಗುವುದಿಲ್ಲ ಎಂದಳು. ಮದುವೆಯಾಯಿತು. ಮಧ್ಯಾಹ್ನ ಎರಡು ಗಂಟೆಗೆ ನಾವೂ ನಮ್ಮ ಮನೆಯವರೂ ಆ ತಂದೆಯ ಜಗಲಿಯ ಮೇಲೆ ಕುಳಿತಿದ್ದೆವು. ಅವರು ಒಂದು ಲೋಟ ನೀರನ್ನೂ ಕೊಡಲಿಲ್ಲ. ಕೇಳಬಾರದ ಮಾತುಗಳನ್ನು ಕೇಳಿಸಿಕೊಂಡು ಬಂದೆವು. ಮೊಮ್ಮಗುವಾದ ಮೇಲೆ ತಾಯಿಯು ಹೋಗಿಬರುತ್ತಾರೆ. ತಂದೆಯವರು ಈಗಲೂ ನಮ್ಮನ್ನು ಕಂಡರೆ ರಸ್ತೆಯ ಆಚೆಯ ಬದಿಗೆ ಹೋಗುತ್ತಾರೆ.

ಇಲ್ಲಿ ವಿವೇಕಿಗಳಾದ ವಾಚಕರು ಒಂದು ಆಕ್ಷೇಪವನ್ನು ಎತ್ತುವರು, ಎತ್ತಬೇಕಾದದ್ದೇ. ಜಾತಿ ಕೆಟ್ಟಿತೆಂದು ಹೆತ್ತವರೇ ಮಗಳನ್ನು ಕೊಲ್ಲುವ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತಿರುವ ನಾವು, ಎಲ್ಲ ತಂದೆಯರಿಗೂ ಹೋಗಿ ಹೇಳಿರೆಂದು ಹೇಗೆ ಉಪದೇಶಿಸುವುದು? ಆ ಜಗಲಿಯಲ್ಲಿ ನಮಗೆ ಬೈಗುಳ ಸಿಕ್ಕಿತು. ಇನ್ನೊಂದು ಜಗಲಿಯಲ್ಲಿ ಮಚ್ಚು ಸಿಕ್ಕೀತು. ನಿಜ. ಕ್ಯಾಪ್ಯುಲೆಟ್ಟನೂ ಮಗಳು ಒಪ್ಪದಿದ್ದಾಗ ಬೀದಿಯಲ್ಲಿ ಸತ್ತುಹೋಗೆಂದು ಅಬ್ಬರಿಸಿದವನೇ. ಲಾರೆನ್ಸನು ಅವನಿಗೆ ಹೇಳಲು ಹೆದರಿದರೆ ಅದನ್ನು ನಾವು ಕ್ಷಮಿಸಬಹುದು. ಆದರೆ ವೆರೋನಾದಲ್ಲಿ ಒಬ್ಬ ಪ್ರಭು ಇದ್ದನಲ್ಲ! ಎರಡು ಮನೆಗಳ ಜಗಳದಿಂದ ರೋಸಿಹೋಗಿ, ಇನ್ನು ಬೀದಿಯಲ್ಲಿ ಕತ್ತಿ ಹಿರಿದರೆ ಮರಣದಂಡನೆ ಎಂದು ಸಾರಿದ್ದವನು ಅವನು. ಈ ಮದುವೆಯ ಸುದ್ದಿಯಿಂದ ಆ ಊರಿನಲ್ಲಿ ಸಂತೋಷಪಡಬಹುದಾಗಿದ್ದವನು ಯಾರಾದರೂ ಇದ್ದರೆ ಅವನೇ. ಲಾರೆನ್ಸನಂಥ ಪೂಜ್ಯನಿಗೆ ಅರಮನೆಯ ಬಾಗಿಲು ಮುಚ್ಚಿರುತ್ತಿರಲಿಲ್ಲ. ಕೋಪಿಷ್ಠರಿಂದ ಗುಟ್ಟನ್ನು ಕಾಪಾಡಬೇಕಾದಾಗ ಕಾಪಾಡಲಿ. ಕಾಪಾಡುವ ಶಕ್ತಿಯುಳ್ಳವನಿಂದಲೂ ಮುಚ್ಚಿಟ್ಟದ್ದೇಕೆ? ಐದು ದಿನಗಳಲ್ಲಿ ಅವನು ಒಮ್ಮೆಯೂ ಆ ಕಡೆಗೆ ಹೆಜ್ಜೆಯಿಡಲಿಲ್ಲ. ಅವನು ಪ್ರಭುವಿಗೆ ಎಲ್ಲವನ್ನೂ ಹೇಳುವುದು ಸಮಾಧಿಯ ಬಾಗಿಲಿನಲ್ಲಿ.

ನಮ್ಮ ಕಾಲದ ಪ್ರಭುವೆಂದರೆ ಕಾಯಿದೆ. ಪ್ರಾಪ್ತ ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಮನೆಯವರ ಅಥವಾ ಪಂಚಾಯಿತಿಯ ಅನುಮತಿ ಬೇಕಾಗಿಲ್ಲವೆಂದೂ, ಬೆದರಿಕೆಯಿದ್ದರೆ ಅವರಿಗೆ ರಕ್ಷಣೆಯನ್ನು ಕೊಡಬೇಕೆಂದೂ ಸುಪ್ರೀಂ ಕೋರ್ಟು ೨೦೧೮ರಲ್ಲಿ ಶಕ್ತಿವಾಹಿನಿಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ೧೯೫೪ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ಅಧಿಕಾರಿಯ ಮುಂದೆ ಮದುವೆಯಾಗುವುದಾದರೆ ೩೦ ದಿನಗಳ ನೋಟೀಸು ಬೇಕು. ಆ ನೋಟೀಸಿನಿಂದಲೇ ಮನೆಯವರಿಗೆ ಸುಳಿವು ಸಿಕ್ಕಿ ಅಪಾಯವಾಗುವುದೆಂಬ ದೂರೂ ಉಂಟು. ಅದರಲ್ಲಿ ಹುರುಳಿದೆಯೆಂದು ನಮಗೂ ತೋರುತ್ತದೆ. ೧೯೫೫ರ ಹಿಂದೂ ವಿವಾಹ ಕಾಯಿದೆಯಲ್ಲಿ ಆ ನೋಟೀಸಿಲ್ಲ. ಅದರಂತೆ ಸಪ್ತಪದಿ ತುಳಿದು ಮದುವೆಯಾದವರು ನೋಂದಣಿ ಮಾಡಿಸಿಕೊಳ್ಳಬಹುದು.

ಆದುದರಿಂದ ಆ ಅರ್ಚಕರಿಗೆ ನಮ್ಮ ಉತ್ತರ ಇದು. ಮದುವೆ ಮಾಡಿಸುವುದರಲ್ಲಿ ದೋಷವಿಲ್ಲ. ಆದರೆ ತಾಳಿ ಕಟ್ಟಿಸಿ, ದಕ್ಷಿಣೆ ತೆಗೆದುಕೊಂಡು, ಇನ್ನು ನಿಮ್ಮ ಪಾಡು ನಿಮ್ಮದು ಎನ್ನುವುದಾದರೆ ಬೇಡ. ಅಂದೇ ಅವರ ಜೊತೆಯಲ್ಲಿ ನೋಂದಣಿ ಕಛೇರಿಗೆ ಹೋಗಬೇಕು. ಅಪಾಯವುಂಟೆಂದು ಹುಡುಗಿಯು ಹೇಳಿದರೆ ಮೊದಲೇ ಪೊಲೀಸು ಠಾಣೆಗೆ ಹೋಗಿ ಬರೆದುಕೊಡಬೇಕು. ಮದುವೆ ಮಾಡಿಸಿದವರಾರೆಂದು ಯಾರು ಕೇಳಿದರೂ, ಯಾವಾಗ ಕೇಳಿದರೂ, ನಾನೇ ಎನ್ನಲು ಸಿದ್ಧರಿರಬೇಕು. ಆ ಸಿದ್ಧತೆಯಿಲ್ಲದಿದ್ದರೆ ಈಗಲೇ ಕೈಮುಗಿದು ಕಳುಹಿಸಿಬಿಡುವುದು ಆ ಮಕ್ಕಳಿಗೂ ಒಳ್ಳೆಯದು, ಬೇರೆ ಯಾರಾದರೂ ಗಟ್ಟಿಗರನ್ನು ಹುಡುಕಿಕೊಂಡಾರು.

ಇದಕ್ಕೆಲ್ಲ ಮೊದಲು ವಯಸ್ಸು. ನಮ್ಮ ಮೈಸೂರು ಸಂಸ್ಥಾನವು ೧೮೯೪ರಷ್ಟು ಹಿಂದೆಯೇ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಆಗ ಅದೇ ದೊಡ್ಡ ಸುಧಾರಣೆಯೆನಿಸಿತ್ತು! ಈಗಿನ ೨೦೦೬ರ ಕಾಯಿದೆಯಂತೆ ಹುಡುಗಿಗೆ ೧೮, ಹುಡುಗನಿಗೆ ೨೧ ತುಂಬಿರಬೇಕು. ತುಂಬದವರ ಮದುವೆಯನ್ನು ನಡೆಸಿಕೊಟ್ಟ ಪುರೋಹಿತನಿಗೆ ಎರಡು ವರ್ಷಗಳವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ. ಕರ್ನಾಟಕದ ತಿದ್ದುಪಡಿಯಂತೆ ಆ ಮದುವೆಯು ಮೊದಲಿಂದಲೇ ಅಸಿಂಧು. ಲಾರೆನ್ಸನು ಇಂದು ನಮ್ಮ ಕುಣಿಗಲ್ಲಿನಲ್ಲಿದ್ದಿದ್ದರೆ ಯಾವ ಪ್ರಭುವೂ ಅವನನ್ನು ಪವಿತ್ರನೆಂದು ಬಿಡುವಂತಿರಲಿಲ್ಲ. ಅಂಥ ಹುಡುಗಿಯು ಕಷ್ಟದಲ್ಲಿದ್ದಾಳೆಂದು ತೋರಿದರೆ ಅವಳಿಗೆ ಬೇಕಾದದ್ದು ತಾಳಿಯಲ್ಲ, ೧೦೯೮ ಎಂಬ ಮಕ್ಕಳ ಸಹಾಯವಾಣಿ.

ಹುಡುಗಿಯ ಶಾಲೆಯ ಸರ್ಟಿಫಿಕೇಟನ್ನು ನಾಳೆ ತರುತ್ತೇವೆಂದು ಆ ಜೋಡಿಯು ಹೇಳಿಹೋಗಿ ಎರಡು ವಾರವಾಯಿತೆಂದೂ, ಇನ್ನೂ ತಂದಿಲ್ಲವೆಂದೂ ವಾಚಕಿಯವರು ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದ್ದಾರೆ. ಅದು ಕೈಗೆ ಬರುವವರೆಗೆ ದೇವಾಲಯದ ಬೀಗದ ಕೈ ಅರ್ಚಕರ ಸೊಂಟದಲ್ಲಿಯೇ ಇರಲಿ.